ಶಾಲೆ ಬಿಟ್ಟರೂ ಬಿಡದ ಖಾತೆ



ಹಿಂದಿನ ಕಾಲದ ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದರು. ನಿಮ್ಮಲ್ಲಿ ಕೆಲವರು ಮೊದಲನೆಯ ಇಯತ್ತೆಯಲ್ಲಿ ಪಾಟಿಯನ್ನು ಹಿಡಿದಿರಲೂಬಹುದು. ಹತ್ತು ಸಾರಿ ತಪ್ಪು ಬರೆದು, ಹತ್ತು ಸಾರಿ ಒರಸಿ, ಹನ್ನೊಂದನೆಯ ಸಾರಿ ಸರಿಯಾಗಿ ಬರೆದರೆ ಆಯಿತು. ಹಿಂದಿನ ಹತ್ತು ತಪ್ಪುಗಳ ಗುರುತು ಜಗತ್ತಿನಲ್ಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ. ಇದಕ್ಕೆ ತೀರ ಭಿನ್ನವಾದ ಇನ್ನೊಂದು ಬರಹವೂ ಶಾಲೆಯಲ್ಲಿ ಉಂಟು. ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿ ಜನರಲ್ ರಜಿಸ್ಟರೆಂಬ ದಪ್ಪ ಪುಸ್ತಕವಿದೆಯಷ್ಟೆ. ಅದರಲ್ಲಿ ನಿಮ್ಮ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ ಇವಿಷ್ಟು ಇರುತ್ತವೆ. ಅದನ್ನು ಯಾರೂ ಒರಸಕೂಡದು. ಐವತ್ತು ವರ್ಷಗಳ ಮೇಲೆ ನೀವು ಬಂದು ಕೇಳಿದರೂ ಶಾಲೆ ಅದನ್ನು ತೋರಿಸಬೇಕು. ಆದರೆ ಆ ಪುಸ್ತಕ ಕಪಾಟನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಅದನ್ನು ತೆರೆಯುವವರು ಯಾರು, ಏತಕ್ಕಾಗಿ ತೆರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಒರಸಬೇಕಾದದ್ದನ್ನು ಪಾಟಿಯಲ್ಲಿ, ಉಳಿಸಬೇಕಾದದ್ದನ್ನು ರಜಿಸ್ಟರಿನಲ್ಲಿ ಬರೆಯುವುದು ಬಹುಕಾಲದಿಂದ ನಡೆದುಬಂದ ಏರ್ಪಾಡು. ಇತ್ತೀಚೆಗೆ ಈ ಏರ್ಪಾಡು ಕೆಟ್ಟಿದೆ. ಅದು ಕೆಡುವುದರಲ್ಲಿ ನಿಮ್ಮ ಮಾಸ್ತರನಾದ ನನ್ನ ಕೈಯೂ ಸ್ವಲ್ಪಮಟ್ಟಿಗೆ ಇದೆ. ಆದುದರಿಂದ ಮೊದಲು ನನ್ನ ತಪ್ಪನ್ನು ಹೇಳಿಯೇ ಮುಂದಿನ ಮಾತನ್ನು ಆಡುವುದು ಯೋಗ್ಯ.

೨೦೨೦ರಲ್ಲಿ ಮಹಾಮಾರಿಯಿಂದ ಶಾಲೆಗಳೆಲ್ಲ ಮುಚ್ಚಿದುವು. ಆ ಜೂನ್ ತಿಂಗಳಿನಲ್ಲಿ ಎಂಟನೆಯ ಇಯತ್ತೆಯ ೩೪ ಮಕ್ಕಳು ನನ್ನ ಪಾಲಿಗೆ ಇದ್ದರು. ಕೆಲವರು ಊರಿಗೆ ಹೊರಟುಹೋಗಿದ್ದರು, ಕೆಲವರು ಚಾಳಿನ ಒಂದೇ ಖೋಲಿಯಲ್ಲಿ ಏಳೆಂಟು ಮಂದಿಯೊಡನೆ ಕುಳಿತಿದ್ದರು. ಪಾಠ ನಿಲ್ಲಬಾರದೆಂಬ ಆತುರದಲ್ಲಿ ನಾನು ಆನ್‌ಲೈನ್ ಪಾಠದ ಒಂದು ಆ್ಯಪಿನಲ್ಲಿ ಅಷ್ಟೂ ಮಕ್ಕಳ ಖಾತೆಗಳನ್ನು ಒಂದೇ ರಾತ್ರಿಯಲ್ಲಿ ತೆರೆದುಬಿಟ್ಟೆನು. ಹೆಸರು ಕೇಳಿತು, ಕೊಟ್ಟೆನು. ಹುಟ್ಟಿದ ದಿನ ಕೇಳಿತು, ಹಾಜರಿ ಪುಸ್ತಕವನ್ನು ನೋಡಿ ತುಂಬಿದೆನು. ತಂದೆಯ ಮೊಬೈಲು ನಂಬರು, ಶಾಲೆಯ ಹೆಸರು, ವಾಸದ ಬಡಾವಣೆ ಎಲ್ಲವನ್ನೂ ಕೊಟ್ಟೆನು. ಕೆಳಗಡೆ ಇಂಗ್ಲಿಷಿನಲ್ಲಿ ಉದ್ದವಾದ ಕರಾರುಪತ್ರವಿತ್ತು. ಅದನ್ನು ಓದದೆಯೇ “ಒಪ್ಪಿದ್ದೇನೆ” ಎಂಬಲ್ಲಿ ಬೆರಳನ್ನೊತ್ತಿದೆನು. ಮೂವತ್ತನಾಲ್ಕು ಸಾರಿ ಒತ್ತಿದೆನು. ಒಬ್ಬ ತಂದೆಯನ್ನಾಗಲಿ ತಾಯಿಯನ್ನಾಗಲಿ ಕೇಳಲಿಲ್ಲ.

ಆ ಮಕ್ಕಳು ೨೦೨೩ರಲ್ಲಿ ಹತ್ತನೆಯದನ್ನು ಮುಗಿಸಿ ಲೀವಿಂಗ್ ಸರ್ಟಿಫಿಕೇಟು ಪಡೆದು ಹೋದರು. ನಾನು ಆ ಆ್ಯಪನ್ನು ಮರೆತೆನು. ೨೦೨೫ರ ಮಳೆಗಾಲದ ಒಂದು ಸಂಜೆ ಅವರಲ್ಲೊಬ್ಬ ಹುಡುಗನ ತಂದೆ ಶಾಲೆಗೆ ಬಂದರು. ವಿಜಾಪುರದ ಕಡೆಯವರು, ಕಟ್ಟಡದ ಕೆಲಸಕ್ಕಾಗಿ ಬಂದು ನೆಲೆಸಿದವರು. ದಿನಕ್ಕೆ ಮೂರು ನಾಲ್ಕು ಸಲ ಅವರಿಗೆ ಕರೆ ಬರುತ್ತಿದ್ದಿತಂತೆ. “ನಿಮ್ಮ ಮಗ ಗಣಿತದಲ್ಲಿ ಹಿಂದೆ ಇದ್ದಾನೆ, ನಮ್ಮ ಪಾಠಕ್ರಮಕ್ಕೆ ಸೇರಿಸಿರಿ, ಹಣವಿಲ್ಲದಿದ್ದರೆ ಸಾಲವನ್ನೂ ಕೊಡಿಸುತ್ತೇವೆ” ಎಂದು ಆ ಕಡೆಯವರು ಒತ್ತಾಯಿಸುತ್ತಿದ್ದರಂತೆ. ಹುಡುಗನೋ ಆ ವೇಳೆಗಾಗಲೇ ಐ.ಟಿ.ಐ. ಸೇರಿ ವೆಲ್ಡಿಂಗ್ ಕಲಿಯುತ್ತಿದ್ದನು. ತಂದೆ ನನ್ನ ಮುಂದೆ ಮೊಬೈಲನ್ನಿಟ್ಟು, “ನಾವು ಸಾಲಿ ಬಿಟ್ಟೇವ್ರೀ ಸರ, ಆದ್ರ ಆ ಸಾಲಿ ನಮ್ಮನ್ನ ಬಿಡವಲ್ದು” ಎಂದರು.

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. “ಆ್ಯಪನ್ನು ತೆಗೆದುಹಾಕಲಿಲ್ಲವೆ?” ಎಂದು ಕೇಳಿದೆನು. “ಹುಡುಗ ಆವಾಗ ತಗದಾನ್ರೀ” ಎಂದರು. ಇಲ್ಲಿಯೇ ನಾವೆಲ್ಲರೂ ಎಡವುವುದು. ಮೊಬೈಲಿನಿಂದ ಆ್ಯಪನ್ನು ತೆಗೆದುಹಾಕುವುದೆಂದರೆ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದಂತೆ ಮಾತ್ರ. ಅಂಗಡಿಯವನ ಖಾತೆಪುಸ್ತಕದಲ್ಲಿ ನಿಮ್ಮ ಪುಟ ಹಾಗೆಯೇ ಇರುತ್ತದೆ. ನಿಮ್ಮ ವಿವರಗಳು ಇರುವುದು ನಿಮ್ಮ ಮೊಬೈಲಿನಲ್ಲಲ್ಲ, ಕಂಪೆನಿಯ ಯಂತ್ರಗಳಲ್ಲಿ. ಅಲ್ಲಿಂದ ಅವನ್ನು ಅಳಿಸಬೇಕಾದರೆ ಖಾತೆಯನ್ನೇ ಮುಚ್ಚಿಸಬೇಕು. ಇದಕ್ಕೆ ದಾರಿ ಇಲ್ಲದೆ ಇಲ್ಲ. ಖಾತೆ ತೆರೆಯಿಸುವ ಆ್ಯಪು ಅದನ್ನು ಅಳಿಸುವ ಅನುಕೂಲವನ್ನೂ ತನ್ನಲ್ಲಿಯೇ ಒದಗಿಸಬೇಕೆಂದು ಆ್ಯಪಲ್ ಕಂಪೆನಿ ೨೦೨೨ರ ಜೂನ್ ೩೦ರಿಂದ ಕಡ್ಡಾಯ ಮಾಡಿದೆ. ಗೂಗಲ್ ಕಂಪೆನಿಯೂ ೨೦೨೩ರಲ್ಲಿ ಅಂಥದೇ ಕಟ್ಟಳೆಯನ್ನು ಸಾರಿತು. ಆ್ಯಪನ್ನು ಆಗಲೇ ತೆಗೆದುಹಾಕಿದವರು ಕೂಡ ಜಾಲತಾಣದ ಮೂಲಕ ಖಾತೆಯನ್ನು ಅಳಿಸಿಕೊಳ್ಳುವಂತಿರಬೇಕೆಂಬುದು ಅದರಲ್ಲಿ ಸೇರಿದೆ.

ದಾರಿ ಇದೆಯೆಂಬುದು ಬೇರೆ, ಅದು ಕಣ್ಣಿಗೆ ಬೀಳುವುದು ಬೇರೆ. ನಾನೂ ಆ ತಂದೆಯೂ ಆ ಸಂಜೆ ಮುಕ್ಕಾಲು ಗಂಟೆ ಹುಡುಕಿದೆವು. ಖಾತೆ ತೆರೆಯುವ ಗುಂಡಿ ಮೊದಲನೆಯ ಪುಟದಲ್ಲಿಯೇ ದೊಡ್ಡದಾಗಿ ಹೊಳೆಯುತ್ತಿದ್ದಿತು. ಮುಚ್ಚುವ ಗುಂಡಿ ನಾಲ್ಕು ಪುಟಗಳ ಆಚೆ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಡಗಿದ್ದಿತು. ಅದನ್ನೊತ್ತಿ, ಮೊಬೈಲಿಗೆ ಬಂದ ಓಟಿಪಿಯನ್ನು ತುಂಬಿ, ಕಾರಣವನ್ನು ಬರೆದು ಕಳುಹಿದ ಮೇಲೆ ಇಪ್ಪತ್ತು ದಿನಗಳಿಗೆ ಖಾತೆ ಮುಚ್ಚಿದೆಯೆಂಬ ಉತ್ತರ ಬಂತು. ಕರೆಗಳು ಕ್ರಮೇಣ ನಿಂತವು.

ತರುವಾಯ ನಾನು ಹಳೆಯ ಹಾಜರಿ ಪುಸ್ತಕವನ್ನು ತೆಗೆದುಕೊಂಡು ಉಳಿದವರನ್ನೂ ಹುಡುಕತೊಡಗಿದೆನು. ೩೪ ಖಾತೆಗಳಲ್ಲಿ ಮುಚ್ಚಿಸಲು ಸಾಧ್ಯವಾದದ್ದು ೧೯. ಆರು ಮಂದಿಯ ಹಳೆಯ ಸಿಮ್ಮುಗಳು ನಿಂತುಹೋಗಿವೆ. ಓಟಿಪಿ ಆ ನಂಬರುಗಳಿಗೇ ಹೋಗುವುದರಿಂದ ಬೀಗದ ಕೈ ಕಳೆದ ಪೆಟ್ಟಿಗೆಯಂತಾಗಿದೆ ಅವರ ಖಾತೆ. ಬಳಸದೆ ಬಿಟ್ಟ ನಂಬರನ್ನು ದೂರವಾಣಿ ಕಂಪೆನಿಗಳು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುವುದುಂಟು. ಕೆಲಸ ಹುಡುಕಿಕೊಂಡು ಊರಿಂದೂರಿಗೆ ಅಲೆಯುವ ನಮ್ಮ ಜನರು ಸಿಮ್ಮು ಬದಲಿಸುವುದು ಸಾಮಾನ್ಯ. ಹೀಗಾಗಿ ನಮ್ಮ ಮಗುವಿನ ಖಾತೆಯ ಬೀಗದ ಕೈ ಅಪರಿಚಿತನೊಬ್ಬನ ಜೇಬನ್ನು ಸೇರಿದರೂ ಆಶ್ಚರ್ಯವಿಲ್ಲ. ಇನ್ನುಳಿದ ಒಂಬತ್ತು ಮಂದಿ ಎಲ್ಲಿದ್ದಾರೋ ನನಗೆ ತಿಳಿಯದು.

“ಇದರಲ್ಲಿ ಅಂಥ ಕೇಡೇನು? ಬಡವರ ಮಕ್ಕಳ ಹೆಸರು ಯಾರಿಗೆ ಬೇಕು? ನಾವು ಬಚ್ಚಿಡುವಂಥದೇನಿದೆ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಯೋಗ್ಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಕೊಡುವ ಮೊದಲು ಆ್ಯಪು ಸಂಗ್ರಹಿಸುವುದೇನೆಂಬುದನ್ನು ತಿಳಿಯಬೇಕು. ನೀವು ತುಂಬಿಕೊಡುವ ಹೆಸರು, ನಂಬರುಗಳಷ್ಟೇ ಅಲ್ಲ. ನೀವು ಯಾವ ಹೊತ್ತಿಗೆ ಓದಲು ಕುಳಿತಿರಿ, ಯಾವ ಲೆಕ್ಕವನ್ನು ಎಷ್ಟು ಸಾರಿ ತಪ್ಪಿದಿರಿ, ಎಲ್ಲಿ ಬೇಸತ್ತು ಎದ್ದಿರಿ ಎಂಬುದೆಲ್ಲವೂ ದಾಖಲಾಗಬಲ್ಲದು. ಅನುಮತಿ ಕೊಟ್ಟಿದ್ದರೆ ನೀವಿರುವ ಸ್ಥಳವೂ ಅದರಲ್ಲಿ ಸೇರುತ್ತದೆ. ಪಾಟಿಯ ಮೇಲೆ ಒರಸಿಹೋಗಬೇಕಾಗಿದ್ದ ಹತ್ತು ತಪ್ಪುಗಳು ಈಗ ಒರಸಿಹೋಗುತ್ತಿಲ್ಲ. ಈ ಮುಂಬಯಿಯಲ್ಲಿ ದಪ್ತರವೆಂದರೆ ಮಕ್ಕಳ ಪುಸ್ತಕದ ಚೀಲ. ನಮ್ಮ ಊರ ಕಡೆಯ ಕಚೇರಿಗಳಲ್ಲಿ ದಫ್ತರವೆಂದರೆ ಕಾಗದಪತ್ರಗಳ ಕಟ್ಟು. ಈಗ ಎರಡೂ ಒಂದೇ ಆಗಿಬಿಟ್ಟಿವೆ. ಪುಸ್ತಕದ ಚೀಲವೆಂದು ನೀವು ಹೊತ್ತುಕೊಂಡದ್ದು ನಿಮ್ಮನ್ನೇ ಕುರಿತ ಕಾಗದಪತ್ರಗಳ ಕಟ್ಟೂ ಆಗಿದೆ.

ಈ ಕಟ್ಟು ಬೇಕಾದವರು ಇದ್ದಾರೆ. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ೪೯ ದೇಶಗಳ ಸರಕಾರಗಳು ಶಿಫಾರಸು ಮಾಡಿದ್ದ ಆನ್‌ಲೈನ್ ಕಲಿಕೆಯ ಸಾಧನಗಳನ್ನು ಪರೀಕ್ಷಿಸಿ ೨೦೨೨ರ ಮೇ ತಿಂಗಳಿನಲ್ಲಿ ವರದಿಯನ್ನು ಪ್ರಕಟಿಸಿತು. ಆ ಸಾಧನಗಳಲ್ಲಿ ನೂರಕ್ಕೆ ೮೯ರಷ್ಟು ಮಕ್ಕಳ ಹಕ್ಕಿಗೆ ಕುಂದು ತರುವ ಅಥವಾ ತರಬಹುದಾದ ರೀತಿಯಲ್ಲಿ ಮಾಹಿತಿಯನ್ನು ನಿರ್ವಹಿಸುತ್ತಿದ್ದುವೆಂದು ಅದರಲ್ಲಿ ಹೇಳಿದೆ. ಮಗು ಪಾಠವನ್ನು ನೋಡುತ್ತಿರುವಾಗ ಜಾಹೀರಾತಿನ ಕಂಪೆನಿಗಳು ಮಗುವನ್ನು ನೋಡುತ್ತಿದ್ದುವೆಂಬುದು ಅದರ ಸಾರಾಂಶ. ನಮ್ಮ ದೇಶದಲ್ಲಿಯೂ ಒಂದು ಪ್ರಸಿದ್ಧ ಪಾಠಸಂಸ್ಥೆಯಾದ ಅನ್‌ಅಕಾಡೆಮಿಯ ಬಳಕೆದಾರರ ವಿವರಗಳು ಕಳವಾಗಿ ಮಾರಾಟಕ್ಕೆ ಬಂದ ಸಂಗತಿ ೨೦೨೦ರ ಮೇ ತಿಂಗಳಿನಲ್ಲಿ ಹೊರಬಿತ್ತು. ಸುಮಾರು ೧ ಕೋಟಿ ೧೦ ಲಕ್ಷ ಮಂದಿಯ ವಿವರಗಳಿಗೆ ಹಾನಿ ತಟ್ಟಿದೆಯೆಂದು ಕಂಪೆನಿಯೇ ಒಪ್ಪಿಕೊಂಡಿತು. ಸರಕಾರದ ದೀಕ್ಷಾ ವೇದಿಕೆಯ ಕಡತಗಳು ಕೂಡ ಸರಿಯಾದ ಬೀಗವಿಲ್ಲದ ಸರ್ವರಿನಲ್ಲಿದ್ದುದರಿಂದ ಲಕ್ಷಗಟ್ಟಲೆ ವಿದ್ಯಾರ್ಥಿಗಳ ಮತ್ತು ಶಿಕ್ಷಕರ ವಿವರಗಳು ಬಯಲಿಗೆ ತೆರೆದಿದ್ದ ವಿಷಯ ೨೦೨೩ರ ಜನವರಿಯಲ್ಲಿ ವರದಿಯಾಯಿತು. ಖಾಸಗಿಯಾಗಲಿ ಸರಕಾರಿಯಾಗಲಿ, ಕೂಡಿಟ್ಟದ್ದು ಸೋರುವುದುಂಟು.

ಸೋರಿದ ಮೇಲೆ ಹಿಡಿದು ತರಲಾಗುವುದೋ? ಉತ್ತರ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ಕೇಳಿರಿ. ಅಲ್ಲಿಯ ಸಾವಿರಾರು ಶಾಲೆಗಳು ಮಕ್ಕಳ ದಾಖಲೆಗಳನ್ನಿಡಲು ಪವರ್‌ಸ್ಕೂಲ್ ಎಂಬ ಕಂಪೆನಿಯ ವ್ಯವಸ್ಥೆಯನ್ನು ಬಳಸುತ್ತವೆ. ೨೦೨೪ರ ಡಿಸೆಂಬರಿನಲ್ಲಿ ಕದ್ದ ಒಂದು ಗುಪ್ತಪದದಿಂದ ಒಳಹೊಕ್ಕವರು ಆ ದಾಖಲೆಗಳನ್ನು ಅಪಹರಿಸಿದರು. ಕಂಪೆನಿ ಕಳ್ಳರಿಗೆ ಹಣವನ್ನು ತೆತ್ತಿತು. ಕದ್ದದ್ದನ್ನು ಅಳಿಸಿದ್ದೇವೆಂದು ಕಳ್ಳರು ವಿಡಿಯೋ ಚಿತ್ರವನ್ನೂ ತೋರಿಸಿದರು. ಆದರೆ ೨೦೨೫ರ ಮೇ ತಿಂಗಳಿನಲ್ಲಿ ಅದೇ ದಾಖಲೆಗಳನ್ನು ಹಿಡಿದುಕೊಂಡು ಶಾಲಾ ಮಂಡಲಿಗಳಿಗೆ ಮತ್ತೆ ಹಣದ ಬೆದರಿಕೆ ಬಂದಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಈ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನು ಕೂಡ ಹತ್ತೊಂಬತ್ತು ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿಯೆಂಬುದು ವಿಷಾದದ ಸಂಗತಿ.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದ ಅಂಶ ಇನ್ನೊಂದು. ಕೆನಡಾ ದೇಶದ ಟೊರಾಂಟೊ ನಗರದ ಶಾಲಾ ಮಂಡಲಿಯು ತನ್ನಲ್ಲಿ ೧೯೮೫ರಿಂದೀಚೆಗೆ ಓದಿದವರ ವಿವರಗಳೂ ಕಳುವಿಗೆ ಸಿಕ್ಕಿರಬಹುದೆಂದು ತಿಳಿಸಿತು. ೧೯೮೫ರಲ್ಲಿ ಹತ್ತು ವರ್ಷದ ಬಾಲಕನಾಗಿದ್ದವನಿಗೆ ಈಗ ಐವತ್ತು ದಾಟಿದೆ. ಅವನ ಬಾಲ್ಯದ ವಿವರಗಳು ನಲವತ್ತು ವರ್ಷ ಸುಮ್ಮನೆ ಬಿದ್ದಿದ್ದು ಕೊನೆಗೆ ಕಳ್ಳನ ಕೈ ಸೇರಿದುವು. ಎಡ್ಮೋಡೋ ಎಂಬ ಮತ್ತೊಂದು ಅಮೆರಿಕದ ಕಲಿಕೆಯ ವೇದಿಕೆಯ ಮೇಲೆ ಅಲ್ಲಿಯ ಸರಕಾರದ ವಾಣಿಜ್ಯ ಆಯೋಗವು ೨೦೨೩ರಲ್ಲಿ ಕ್ರಮವನ್ನು ಕೈಕೊಂಡಿತು. ೨೦೨೦ರಲ್ಲಿ ಆ ಕಂಪೆನಿಯ ಬಳಿ ೩ ಕೋಟಿ ೬೦ ಲಕ್ಷ ವಿದ್ಯಾರ್ಥಿ ಖಾತೆಗಳ ವಿವರಗಳಿದ್ದು, ಅವುಗಳಲ್ಲಿ ಬಳಕೆಯಲ್ಲಿದ್ದುವು ಕೇವಲ ೧೦ ಲಕ್ಷವೆಂದು ಆಯೋಗವು ಆರೋಪಿಸಿತು. ಉಳಿದವರೆಲ್ಲ ನನ್ನ ಮೂವತ್ತನಾಲ್ಕು ಮಕ್ಕಳಂತೆ ಬಂದು ಹೋದವರು, ಆದರೆ ಪುಸ್ತಕದಿಂದ ಬಿಡುಗಡೆಯಾಗದವರು.

ಇದರಿಂದ ನಾನು ಕಲಿತ ಪಾಠವಿಷ್ಟೇ: ಎಷ್ಟು ಭದ್ರವಾದ ಬೀಗಕ್ಕಿಂತಲೂ ಬರಿದಾದ ಪೆಟ್ಟಿಗೆಯೇ ಹೆಚ್ಚು ಭದ್ರ. ಇಲ್ಲದ್ದನ್ನು ಕಳ್ಳನೂ ಕದಿಯಲಾರ, ವ್ಯಾಪಾರಿಯೂ ಮಾರಲಾರ. ಅಳಿಸುವುದೇ ನಿಜವಾದ ರಕ್ಷಣೆ.

ಅಳಿಸೆಂದು ಕೇಳುವುದಕ್ಕೆ ನಮಗೆ ಅಧಿಕಾರ ಉಂಟೆ? ಉಂಟು. ಅದರ ಬುನಾದಿಯಲ್ಲಿ ಕನ್ನಡನಾಡಿನ ಒಬ್ಬ ಹಿರಿಯರ ಹೆಸರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಏರಿದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ಕಾಲವಾದರು. ಅವರ ಹೆಸರಿನ ತೀರ್ಪು ನಮ್ಮೆಲ್ಲರ ಬೆನ್ನಿಗೆ ಉಳಿದಿದೆ.

ಆ ತೀರ್ಪಿನ ತರುವಾಯ ೨೦೨೩ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆ ಆಯಿತು. ಅದರ ಮುಖ್ಯಾಂಶಗಳನ್ನು ನೀವು ತಿಳಿದಿರತಕ್ಕದ್ದು. ೧೮ ತುಂಬದವರೆಲ್ಲರೂ ಈ ಕಾಯಿದೆಯ ದೃಷ್ಟಿಯಲ್ಲಿ ಮಕ್ಕಳೇ. ಅವರ ವಿವರಗಳನ್ನು ಬಳಸಲು ತಂದೆಯ ಅಥವಾ ತಾಯಿಯ, ಇಲ್ಲವೇ ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಬೆನ್ನುಹತ್ತಿ ನಡೆನುಡಿಗಳನ್ನು ಗಮನಿಸುವುದಾಗಲಿ, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವುದಾಗಲಿ ಕೂಡದು. ಶಿಕ್ಷಣಸಂಸ್ಥೆಗಳಿಗೆ ಮಾತ್ರ ಪಾಠದ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯುವುದು ಅದನ್ನು ಕೊಟ್ಟಷ್ಟೇ ಸುಲಭವಾಗಿರಬೇಕು. ವಿವರಗಳನ್ನು ತಿದ್ದಿಸುವ, ಅಳಿಸುವ ಹಕ್ಕು ಉಂಟು. ಮಕ್ಕಳ ವಿಷಯದ ಕಟ್ಟಳೆಗಳನ್ನು ಮೀರಿದವರಿಗೆ ೨೦೦ ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದು. ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಬಂದುವು. ಮುಖ್ಯ ಕಟ್ಟಳೆಗಳು ಅಲ್ಲಿಂದ ೧೮ ತಿಂಗಳಿಗೆ, ಎಂದರೆ ೨೦೨೭ರ ಮೇ ತಿಂಗಳಿನಿಂದ, ಜಾರಿಗೆ ಬರತಕ್ಕದ್ದೆಂದು ಅವುಗಳಲ್ಲಿ ಹೇಳಿದೆ.

ಇನ್ನೊಂದು ಮಾತನ್ನು ಕನ್ನಡ ಶಾಲೆಯ ಮಕ್ಕಳು ಮರೆಯಲೇಬಾರದು. ನಮ್ಮ ವಿವರಗಳು ಏತಕ್ಕಾಗಿ ಬೇಕೆಂದು ತಿಳಿಸುವ ಪ್ರಕಟನೆಯನ್ನು ಇಂಗ್ಲಿಷಿನಲ್ಲಿಯಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಿಯಾಗಲಿ ಪಡೆಯುವ ಅವಕಾಶವನ್ನು ಕೊಡಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ಆ ೨೨ ಭಾಷೆಗಳಲ್ಲಿ ಕನ್ನಡವೂ ಒಂದು. ನೀವು ಮುಂಬಯಿಯಲ್ಲಿರಿ, ಮಂಗಳೂರಿನಲ್ಲಿರಿ, “ಕನ್ನಡದಲ್ಲಿ ತೋರಿಸಿರಿ” ಎಂದು ಕೇಳುವುದು ಭಿಕ್ಷೆಯಲ್ಲ. ಅಂದು ಆ ಕರಾರುಪತ್ರ ಕನ್ನಡದಲ್ಲಿದ್ದಿದ್ದರೆ ನಾನು ಓದುತ್ತಿದ್ದೆನೋ ಇಲ್ಲವೋ. ಆ ತಂದೆಯಂತೂ ಯಾರಿಂದಲಾದರೂ ಓದಿಸಿ ಕೇಳಬಹುದಾಗಿತ್ತು.

ಇಷ್ಟೆಲ್ಲ ಹೇಳಿದುದರಿಂದ ನಾನು ಆನ್‌ಲೈನ್ ಪಾಠದ ವಿರೋಧಿಯೆಂದು ಭಾವಿಸಬೇಡಿರಿ. ೨೦೨೦ರಲ್ಲಿ ಅದಿಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿದ್ದಿತು. ಎಲ್ಲ ದಾಖಲೆಗಳನ್ನೂ ಸುಟ್ಟುಬಿಡಿರೆಂದೂ ನಾನು ಹೇಳುವುದಿಲ್ಲ. ಅಂಕಪಟ್ಟಿ, ಜನರಲ್ ರಜಿಸ್ಟರು ಇವು ಇರಬೇಕಾದುವೇ. ಕಾನೂನಿಗಾಗಿ ಇಡಬೇಕಾದುದನ್ನು ಕಂಪೆನಿಗಳೂ ಅಳಿಸಲಾರವು. ಕೆಲಸ ಮುಗಿದ ಮೇಲೂ ಇಟ್ಟುಕೊಂಡಿರುವುದರ ಮೇಲೆ ಮಾತ್ರ ನನ್ನ ಆಕ್ಷೇಪಣೆ.

ಹಾಗಾದರೆ ಮಾಡತಕ್ಕದ್ದೇನು? ನೀವು ಮಾಡಬೇಕಾದದ್ದು ಕೆಲವುಂಟು. ಖಾತೆಯನ್ನು ತೆರೆಯುವ ಮುನ್ನ ಮನೆಯವರನ್ನು ಕೇಳಿರಿ. ಪಾಠಕ್ಕೆ ಬೇಡವಾದ ವಿವರವನ್ನು ಕೊಡಬೇಡಿರಿ. ಗಣಿತ ಕಲಿಸುವವನಿಗೆ ನಿಮ್ಮ ವಾಸದ ಸ್ಥಳವೇಕೆ? ವಯಸ್ಸನ್ನು ಹೆಚ್ಚಿಸಿ ಸುಳ್ಳು ಹುಟ್ಟಿದ ದಿನವನ್ನು ತುಂಬಬೇಡಿರಿ. ದೊಡ್ಡವರೆಂದು ಬರೆಸಿಕೊಂಡರೆ ಮಕ್ಕಳಿಗಿರುವ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಂತೆ. ಮನೆಯ ಸಿಮ್ಮು ಬದಲಾಗುವ ಮುಂಚೆ ಖಾತೆಯಲ್ಲಿ ನಂಬರನ್ನು ಬದಲಿಸಿರಿ. ಕೆಲಸ ಮುಗಿದ ಮೇಲೆ ಬೇಕಾದ ಪ್ರಮಾಣಪತ್ರವನ್ನು ಇಳಿಸಿಟ್ಟುಕೊಂಡು, ಮೊದಲು ಖಾತೆಯನ್ನು ಮುಚ್ಚಿ, ಅನಂತರ ಆ್ಯಪನ್ನು ತೆಗೆಯಿರಿ. ಮುಚ್ಚಿದ ಉತ್ತರವನ್ನು ಜೋಪಾನವಾಗಿಡಿರಿ. ಶಾಲೆಯೇ ತೆರೆದುಕೊಟ್ಟ ಖಾತೆಯನ್ನು ನೀವಾಗಿ ಮುಚ್ಚಲಾಗದಿದ್ದರೆ ಶಿಕ್ಷಕರನ್ನು ಕೇಳಿರಿ, ಸಂಕೋಚಪಡಬೇಡಿರಿ.

ಆದರೆ ಈ ಹೊರೆಯನ್ನೆಲ್ಲ ಮಕ್ಕಳ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ತೆರೆದ ಕೈಯೇ ಮುಚ್ಚಬೇಕು. ಯಾವ ಮಗುವಿನ ಹೆಸರನ್ನು ಯಾವ ಯಾವ ವೇದಿಕೆಯಲ್ಲಿ ಬರೆಸಿದೆಯೆಂಬ ಪಟ್ಟಿಯನ್ನು ಶಾಲೆ ಇಡಬೇಕು. ಲೀವಿಂಗ್ ಸರ್ಟಿಫಿಕೇಟನ್ನು ಕೊಡುವ ದಿನವೇ ಆ ಖಾತೆಗಳನ್ನು ತಂದೆತಾಯಿಗಳ ಎದುರಿನಲ್ಲಿ ಮುಚ್ಚಿಸಿ, ಮುಚ್ಚಿದ ದಿನಾಂಕವನ್ನು ಬರೆದುಕೊಡಬೇಕು. ಅಲ್ಲಿಯವರೆಗೆ ಮಗು ಶಾಲೆ ಬಿಟ್ಟಿತೆಂದು ಹೇಳಲಾಗದು. ಇದು ನಮ್ಮ ಶಾಲೆಯಲ್ಲಿ ಮಾತ್ರವಲ್ಲ, ಎಲ್ಲ ಶಾಲೆಗಳಲ್ಲಿಯೂ ರೂಢಿಯಾಗಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ತರಗತಿಯ ಮಟ್ಟಿಗೆ ಅಂಥ ಪಟ್ಟಿಯನ್ನು ಈಗಾಗಲೇ ಬರೆದಿದ್ದೇನೆ. ಹತ್ತನೆಯ ಇಯತ್ತೆಯವರು ಸರ್ಟಿಫಿಕೇಟಿಗೆ ಬರುವಾಗ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು, ಆ ಮೊಬೈಲನ್ನೂ ತೆಗೆದುಕೊಂಡು ಬರಬೇಕು. ೨೦೨೩ರ ತಂಡದ ಒಂಬತ್ತು ಮಂದಿಯಲ್ಲಿ ಯಾರಾದರೂ ನಿಮ್ಮ ಅಣ್ಣಂದಿರೋ ಅಕ್ಕಂದಿರೋ ನೆರೆಯವರೋ ಆಗಿದ್ದರೆ, ಮಾಸ್ತರರು ಹುಡುಕುತ್ತಿದ್ದಾರೆ, ಒಂದು ಲೆಕ್ಕ ಬಾಕಿ ಉಳಿದಿದೆಯಂತೆ ಎಂದು ದಯವಿಟ್ಟು ಅವರಿಗೆ ತಿಳಿಸಿರಿ.